ಟರಾವು

ಶುಂಠಿ ತೊಳೆಯುವ ಶೆಡ್ಡಿನಲ್ಲಿ ಅರ್ಧ ದಿನ ರಜೆ ಕೇಳಿ
ಬಂದಿದ್ದೆ. ಅರ್ಧ ದಿನವೆಂದರೆ ಇನ್ನೂರು ರೂಪಾಯಿ.
ಉಗುರ ಸಂದಿಯಲ್ಲಿನ್ನೂ ಮಣ್ಣು,
ಎಷ್ಟು ಸೋಪು ತಿಕ್ಕಿದರೂ ಬಿಡದ ಘಾಟು.

ಆನಂದಪುರದಿಂದ ಮೂರು ಮೈಲಿ ಒಳಗೆ ನಮ್ಮ ಶಾಲೆ.
ಒಂದರಿಂದ ಐದು, ಇಪ್ಪತ್ತಮೂರು ಮಕ್ಕಳು,
ಇಬ್ಬರು ಟೀಚರು. ಅದರಲ್ಲೊಬ್ಬರು
ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದಾರೆ,
ನಿಯೋಜನೆ ಮೇಲೆ ಸಾಗರದಲ್ಲಿ.

ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗಿಸಿ ಕೂತೆವು:
ನಾನು, ಮೆಹರಾಜ್‌ಬಿ, ಗಾರೆ ಕೆಲಸದ ಪೂರ್ಣೇಶ,
ಇನ್ನೂ ಮೂರು ನಾಲ್ಕು ಜನ,
ಅಧ್ಯಕ್ಷ ಗುತ್ಯಪ್ಪ. ಮೀಟಿಂಗಿಗೆ ಮಾತ್ರ
ಟ್ರಂಕಿನಿಂದ ಹೊರಬರುವ ಬಿಳಿ ಅಂಗಿ ಅವನದು.

ಚಹಾ ಬಂತು. ನಡಾವಳಿ ಪುಸ್ತಕ ಬಂತು.
ಬರೆದೇ ತಂದಿದ್ದರು, ಕೆಳಗೆ ಗೆರೆ ಎಳೆದು
ನಮ್ಮ ಹೆಸರಿಗೆ ಜಾಗ ಬಿಟ್ಟಿದ್ದರು.
ಪೆನ್ನು ಕೈಯಿಂದ ಕೈಗೆ ಬಂದು
ಮೆಹರಾಜ್‌ಬಿಯ ಹತ್ತಿರ ನಿಂತಿತು.
'ಎರಡು ವರ್ಷ ಆಯ್ತು ಸೈನು ಹಾಕಿ.
ಏನು ಬರ್ದಿದೆ ಅಂತ ಒಂದ್ಸಲ ಓದಿ ನೋಡುವ.'

ನಾನು ಏಳನೇ ಕ್ಲಾಸು. ಕನ್ನಡಕ ಮನೆಯಲ್ಲಿ.
ಆದರೆ ಕಿಟಕಿಯಾಚೆ ನನ್ನ ಮಗಳಿದ್ದಳಲ್ಲ!
'ನಮ್ಮ ತನುಶ್ರೀ ಓದ್ತಾಳೆ, ಐದನೇ ಕ್ಲಾಸು'
ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಂದೆ.

ಸ. ಭೆ. ಯ.
ಬೆರಳಿಟ್ಟು ಓದಿದಳು.
ಶುಂಠಿಯ ಗೆಣ್ಣಿನಲ್ಲಿ ಸಿಕ್ಕ ಮಣ್ಣಿನಂತೆ
ಒತ್ತಕ್ಷರದ ಅಡಿಯಲ್ಲಿ ನಾಲಿಗೆ ಸಿಕ್ಕಿಕೊಂಡಿತು.
'ಅಧ್ಯಕ್ಷರ' ಎಂಬಲ್ಲಿ 'ಅ' ಎಂದು ನಿಂತವಳು
ನನ್ನ ಮುಖ ನೋಡಿದಳು.
ಗುತ್ಯಪ್ಪ ತನ್ನ ಅಂಗಿಯ ಗುಂಡಿ ನೋಡಿಕೊಂಡ.

ಬೈಯಲು ಬಾಯಿ ತೆರೆದಿದ್ದೆ. ನಿಜ.
ಫ್ಲೇವಿ ಟೀಚರು ಮೊದಲೇ ಹೇಳಿದರು,
ನಮಗಲ್ಲ, ಗೋಡೆಗೆ ಹೇಳಿದ ಹಾಗೆ:
ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಶೂ ಅಳತೆ,
ಓಟರ್ ಲಿಸ್ಟು, ಸಿಲಿಂಡರಿಗೆ ಹತ್ತು ಫೋನು,
ಹಾಜರಿ ಕಳಿಸಲು ನೆಟ್‌ವರ್ಕು ಹುಡುಕುತ್ತ
ನೀರಿನ ಟ್ಯಾಂಕಿನ ಮೇಲೆ ಹತ್ತುವುದು.
'ಎರಡೂವರೆಗೆ ಚಾಕ್‌ಪೀಸ್ ಹಿಡಿದರೆ ಅವತ್ತು ನನಗೆ ಹಬ್ಬ.'
ಸುಮ್ಮನಾಗಿ, ಆಮೇಲೆ,
'ಓದಿ ಅಂತ ನೀವು ಕೇಳಿದ್ದೂ ಇವತ್ತೇ.'

ಒಬ್ಬ ಎದ್ದು ಹೋದ. ಕಾನ್ವೆಂಟಿನ ಹಳದಿ ವ್ಯಾನು
ಜೂನಿಂದ ನಮ್ಮ ತಿರುವಿಗೂ ಬರುತ್ತದಂತೆ.
ಹೋಗುವವನ ಚಪ್ಪಲಿ ಸದ್ದು
ಗೇಟಿನವರೆಗೂ ಕೇಳಿತು. ತಪ್ಪು ಅಂತ ಹೇಳಲಾರೆ.
ಆ ವ್ಯಾನಿನ ಫೀಸು ಎಷ್ಟೆಂದು
ನಾನೂ ಗುಟ್ಟಾಗಿ ವಿಚಾರಿಸಿದವಳೇ.

ಮೆಹರಾಜ್‌ಬಿ ಹೇಳಿದಳು: 'ಮೊಟ್ಟೆ ನಾನು ಎಣಿಸ್ತೀನಿ.
ಮನೆಯಲ್ಲಿ ಹನ್ನೊಂದು ಕೋಳಿ, ಲೆಕ್ಕ ತಪ್ಪಿದ್ದಿಲ್ಲ.'
ಸಿಲಿಂಡರು ಪೂರ್ಣೇಶನ ಬೈಕಿಗೆ ಬಿತ್ತು.
ಸಾಗರದಲ್ಲಿ ಕೂತ ಟೀಚರನ್ನು ವಾಪಸು ಕೇಳಲು
ಆಫೀಸಿಗೆ ಹೋಗುವುದು ಗುತ್ಯಪ್ಪ,
ಅದೇ ಅಂಗಿಯಲ್ಲಿ, ಕೊಡುವವರೆಗೂ.
ನಾನು ಏನು ಹೇಳಲಿ? ಶನಿವಾರ, ಎಂದೆ.
ಮಕ್ಕಳು ನನಗೆ ಗಟ್ಟಿಯಾಗಿ ಓದಿ ಹೇಳಲಿ.
ಕನ್ನಡಕ ತರುತ್ತೇನೆ. ಇನ್ನೂರು ರೂಪಾಯಿ
ಎಲ್ಲಿಂದ ತುಂಬಿಸಲಿ ಎಂದು
ಆಗ ಯೋಚಿಸಿರಲಿಲ್ಲ, ಈಗ ಯೋಚಿಸುತ್ತಿದ್ದೇನೆ.

ಬರೆದು ತಂದಿದ್ದ ಪುಟಕ್ಕೆ ಅಡ್ಡಗೆರೆ ಬಿತ್ತು.
ಹೊಸ ಪುಟ ತನುಶ್ರೀಯ ಮುಂದೆ ಬಂತು.
ನಾಲಿಗೆಯ ತುದಿ ಕಚ್ಚಿಕೊಂಡು,
ಸಾಲು ಮೇಲಕ್ಕೇರುತ್ತ ಏರುತ್ತ
ಬರೆದಳು: ಟರಾವು.

ಟೀಚರ ಕೈ ಕೆಂಪು ಪೆನ್ನಿಗೆ ಹೋಯಿತು.
ಸೊನ್ನೆ ಸುತ್ತಿ ನಡುವೆ ಚುಕ್ಕೆ ಇಡುವ ಅಕ್ಷರ ಅದು,
ನನಗೂ ಗೊತ್ತು. ಆದರೆ ಕೈ ಅಲ್ಲೇ ನಿಂತಿತು.
'ಇರಲಿ' ಎಂದರು. 'ಅವಳೇ ತಿದ್ದುವ ದಿನ ಬರುತ್ತದೆ.'

ಅದರ ಕೆಳಗೆ ನಾನು ಸಹಿ ಹಾಕಿದೆ, ನೀಲಾವತಿ,
ಪೂರ್ತಿ ಓದಿಸಿಕೊಂಡು.
ಹೆಬ್ಬೆರಳು ಒತ್ತಿದಲ್ಲಿ ಕಂದು ಕಲೆಯಾಯಿತು.
ಆಫೀಸಿನಲ್ಲಿ ಯಾರಾದರೂ ಈ ಪುಟ ತೆರೆದರೆ
ಮೊದಲು ಶುಂಠಿ ಘಾಟು ಮೂಗಿಗೆ ಬಡಿಯಲಿ,
ತಪ್ಪು ಆಮೇಲೆ ಕಾಣಲಿ.